ಮಗಳ ಕಾರಿಗೆ ಮಂಜಿನ ದೀಪ

ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ

ನಮ್ಮನೆಯ ನರ್ಸಮ್ಮನಿಗೆ ಅಪ್ಪನ ಅಕ್ಕರೆಯ ನೆನಪುಗಳು.

ಹೇಗಿದ್ದೀಯ ಪುಟ್ಟಿ? ಮೊನ್ನೆ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿದ ಹಾಗಿತ್ತು. ಕಂಡವರಿಗೆಲ್ಲ ಬಿಸಿನೀರು ಕುಡಿಯಿರಿ ಎಂದು ಹೇಳುವವಳು ತಾನು ಮಾತ್ರ ತಣ್ಣೀರು ಕುಡಿಯುತ್ತಾಳೆ ಅನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ. ತರಬೇತಿ ಮುಗಿಯುವ ತನಕವಾದರೂ ಮೈ ಕಡೆ ಗಮನವಿರಲಿ. ನಿನ್ನಮ್ಮನ ಮಂಡಿನೋವು ಇಳಿದಿದೆ, ನಾಲಿಗೆ ಮೊದಲಿನಷ್ಟೇ ಚುರುಕಾಗಿದೆ. ನನಗೇನು ಧಾಡಿ, ಗುಂಡುಕಲ್ಲಿನ ಹಾಗಿದ್ದೇನೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಅರ್ಧಕ್ಕೇ ಬಾಯಿ ಹಾಕುತ್ತೀಯ. ಕಾಗದವಾದರೆ ಅಪ್ಪನ ಮಾತನ್ನು ಕೊನೆತನಕ ಕೇಳಲೇಬೇಕು.

ವಿಷಯ ಏನೆಂದರೆ, ನಿನ್ನ ಹೊಸ ಕಾರಿಗೆ ಮಂಜಿನ ದೀಪ ಹಾಕಿಯಾಯಿತು. ನಾನೇ ಹಾಕಿದೆ. ಎದ್ದು ನಿಂತಿದ್ದರೆ ಕೂತುಕೋ. "ಅಪ್ಪಾ, ಅಂಗಡೀಲೇ ಹಾಕಿಸು, ನೀನು ಕೈ ಹಾಕ್ಬೇಡ" ಎಂದು ಕೀ ಕೊಡುವಾಗ ನೀನು ಹೇಳಿದ್ದು ಮರೆತಿಲ್ಲ. ಆದರೆ ಹೋದ ಕಾಗದದಲ್ಲಿ ನೀನು ಒಂದು ಸಾಲು ಬರೆದಿದ್ದೆಯಲ್ಲ, ತರಬೇತಿ ಮುಗಿದ ಮೇಲೆ ಗುಡ್ಡದಾಚೆಯ ಆಸ್ಪತ್ರೆಯ ಕೆಲಸಕ್ಕೆ ದಿನಾ ಮನೆಯಿಂದ ಓಡಾಡುವುದು ಆ ಮಂಜಿನಲ್ಲಿ ಆಗದಿದ್ದರೆ, ಜೊತೆಯವಳು ಅಲ್ಲೇ ಹಿಡಿದಿರುವ ಕೋಣೆಗೆ ಸೇರಿಕೊಳ್ಳುತ್ತೇನೆ ಎಂದು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ನೀನು ಸಂಜೆ ಮನೆಗೆ ಬರಬೇಕು, ಚಪ್ಪಲಿಯನ್ನು ಒಂದೊಂದು ದಿಕ್ಕಿಗೆ ಬಿಟ್ಟು ನಿನ್ನಮ್ಮನ ಹತ್ತಿರ ಬೈಸಿಕೊಳ್ಳಬೇಕು, ನನಗೆ ಬೇಕಾದದ್ದು ಇಷ್ಟೇ. ಅದು ಈ ದೀಪದ ಮೇಲೆ ನಿಂತಿದೆ ಎಂದ ಮೇಲೆ, ನಾಟಕ ಕಂಪನಿಯಲ್ಲಿ ಜೀವಮಾನವಿಡೀ ರಂಗದ ದೀಪ ನೋಡಿಕೊಂಡವನು ಕೆಲಸವನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡಲಿ ಹೇಳು.

ಬಾನೆಟ್ ಎತ್ತಿ ಮನಸ್ಸಿಗೆ ಬಂದಂತೆ ಕೈ ಆಡಿಸಿದೆ ಎಂದುಕೊಳ್ಳಬೇಡ. ಮೊದಲು ಷೋರೂಮಿಗೆ ಹೋಗಿ ಕೇಳಿದೆ. ಕಾರಿನ ಮೂಲ ವೈರಿಗೆ ಕತ್ತರಿ ಹಾಕಿದರೆ ಗ್ಯಾರಂಟಿ ಕೈಬಿಟ್ಟಂತೆ ಎಂದರು. ಸರಿ, ಅದರ ಒಂದು ಎಳೆಯನ್ನೂ ಕತ್ತರಿಸಿಲ್ಲ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟೇ ಕೆಲಸಕ್ಕೆ ಕೂತೆ. ಹೊಸ ದೀಪಕ್ಕೆ ಬೇರೆಯೇ ದಪ್ಪ ವೈರು, ಸ್ವಿಚ್ಚಿನ ಮೇಲೆ ಭಾರ ಬೀಳದಂತೆ ನಡುವೆ ರಿಲೇ, ಬ್ಯಾಟರಿಯ ಮಗ್ಗುಲಲ್ಲೇ ಫ್ಯೂಸು. ಫ್ಯೂಸನ್ನು ದೂರದಲ್ಲಿಟ್ಟರೆ ನಡುವಿನ ವೈರು ಹೊತ್ತಿಕೊಂಡರೂ ಅದಕ್ಕೆ ಸುದ್ದಿ ಮುಟ್ಟುವುದಿಲ್ಲ. ವೈರು ತಗಡಿನ ತೂತಿನಲ್ಲಿ ನುಸುಳುವ ಕಡೆ ಉಜ್ಜಿ ಹರಿಯದಂತೆ ರಬ್ಬರಿನ ಬಳೆ ತೊಡಿಸಿದ್ದೇನೆ, ಎಂಜಿನ್ನಿನ ಬಿಸಿ ತಾಗದಂತೆ ದೂರದಿಂದ ಸುತ್ತಿಸಿ ಕಟ್ಟಿದ್ದೇನೆ. ಕೀ ತೆಗೆದರೆ ದೀಪವೂ ಆರುತ್ತದೆ. ಬಚ್ಚಲಿನ ದೀಪ ಆರಿಸದೆ ಬರುವ ನಿನಗೆ ಅದೊಂದು ಬೇಕೇ ಬೇಕಿತ್ತು. ಕೊನೆಗೆ ಗ್ಯಾರೇಜಿನ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಪ್ರತಿ ಜೋಡಣೆಯನ್ನೂ ಎಳೆದು ನೋಡಿದ, ಅರ್ಧ ಗಂಟೆ ದೀಪ ಉರಿಸಿ ವೈರು ಮುಟ್ಟಿ ನೋಡಿದ, ಬೆಚ್ಚಗೂ ಆಗಿರಲಿಲ್ಲ. "ಸರಿಯಾಗಿದೆ ಯಜಮಾನ್ರೇ, ಆದ್ರೆ ಎತ್ತರ ನೋಡ್ಕೊಳ್ಳಿ" ಎಂದು ಹೇಳಿ ಹೋದ. ದೀಪದ ಎತ್ತರವನ್ನು ನನಗೆ ಹೇಳಿಕೊಡಲು ಇವನು ಯಾರು ಎಂದು ಒಳಗೊಳಗೇ ನಕ್ಕೆ.

ನಗಬಾರದಿತ್ತು. ಸಂಜೆ ಮಬ್ಬಾಗುವಾಗ ಕಾರನ್ನು ಹಿತ್ತಲ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ದೀಪಗಳನ್ನು ಚೆಂದವಾಗಿ ಕೂರಿಸಿದೆ. ಎರಡೂ ಬೆಳಕು ಗೋಡೆಯ ಮೇಲೆ ಒಂದಕ್ಕೊಂದು ಬೆರೆತು ಹಾಲು ಚೆಲ್ಲಿದ ಹಾಗೆ ಕಂಡವು. ನಿನ್ನಮ್ಮನನ್ನು ಕರೆದು ಗೋಡೆಯ ಹತ್ತಿರ ಕುರ್ಚಿ ಹಾಕಿ ಕೂರಿಸಿ, ಎದುರಿನಿಂದ ಬರುವ ಗಾಡಿಯ ಡ್ರೈವರ್ ನೀನೇ ಎಂದುಕೋ ಎಂದೆ. ಸ್ವಿಚ್ ಹಾಕಿದ್ದೇ ತಡ, ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. "ರೀ, ನಾನೇನು ನಿಮ್ಮ ನಾಟಕದ ಹೀರೋಯಿನ್ನಾ? ಮುಖಕ್ಕೆ ಯಾಕೆ ಬಿಡ್ತೀರಿ?" ಎಂದಳು. ನೋಡಿದರೆ ನಿಜ. ರಂಗದ ಮೇಲೆ ಬೆಳಕು ಮುಖಕ್ಕೇ ಬೀಳಬೇಕು, ಮುಖ ಕಾಣದಿದ್ದರೆ ಜನ ಗಲಾಟೆ ಮಾಡುತ್ತಾರೆ. ನನ್ನ ಕೈ ತನ್ನಷ್ಟಕ್ಕೆ ತಾನೇ ದೀಪವನ್ನು ಮನುಷ್ಯರ ಮುಖದ ಎತ್ತರಕ್ಕೆ ತಿರುಗಿಸಿತ್ತು. ನಾನು ಬಿಡದೆ, ಮಂಜಿನಲ್ಲಿ ಬೆಳಕು ದೂರ ಹೋಗಬೇಡವೇ ಎಂದು ವಾದಕ್ಕೆ ನಿಂತೆ. "ಎದುರಿಂದ ಬರೋನಿಗೆ ಹೀಗೆ ಕಣ್ಣು ಕತ್ತಲೆ ಬಂದ್ರೆ, ಅವನು ಸೀದಾ ನಮ್ಮ ಹುಡುಗಿ ಮೇಲೇ ಬರ್ತಾನಲ್ರೀ" ಎಂದಳು. ಸ್ಪ್ಯಾನರ್ ತೆಗೆದುಕೊಂಡು ದೀಪಗಳನ್ನು ನೆಲದ ಕಡೆ ಬಗ್ಗಿಸಿದೆ, ಅವಳು ಕುರ್ಚಿಯಲ್ಲಿ ಕೂತು ಇನ್ನೂ ಇಳಿಸಿ, ಇನ್ನೂ ಇಳಿಸಿ ಎಂದು ದರ್ಬಾರು ನಡೆಸಿದಳು. ಈಗ ಬೆಳಕು ರಸ್ತೆಯ ಮೇಲೆ ಬೀಳುತ್ತದೆ, ಯಾರ ಕಣ್ಣಿಗೂ ಹೊಡೆಯುವುದಿಲ್ಲ.

ಶುಕ್ರವಾರ ಬೆಳಗ್ಗೆ ಒಳ್ಳೆ ಮಂಜು ಬಿದ್ದಿತ್ತು. ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಇಬ್ಬರೂ ನಿನ್ನ ಆಸ್ಪತ್ರೆಯ ದಾರಿ ಹಿಡಿದೆವು. ನಿಧಾನಕ್ಕೆ ಹೋದರೆ ರಸ್ತೆಯಂಚಿನ ಬಿಳಿ ಗೆರೆ ಸ್ಪಷ್ಟವಾಗಿ ಕಾಣುತ್ತದೆ, ಅದನ್ನೇ ಹಿಡಿದುಕೊಂಡು ಹೋಗಬಹುದು. ಹೈಬೀಮ್ ಮಾತ್ರ ಹಾಕಬೇಡ, ಮಂಜೇ ಬೆಳ್ಳಗಾಗಿ ಕಣ್ಣಿಗೆ ರಾಚುತ್ತದೆ. ಮಂಜು ಕಳೆದ ಮೇಲೆ ಈ ದೀಪ ಆರಿಸುವುದನ್ನು ಮರೆಯಬೇಡ. ಎದುರು ಬಂದ ಹಾಲಿನ ವ್ಯಾನಿನವನು ಕೈ ಎತ್ತಿ ಹೋದ. ಬೈಯಲಿಲ್ಲ ಎಂದ ಮೇಲೆ ದೀಪ ಸರಿಯಾಗಿದೆ ಎಂದೇ ಅರ್ಥ. ನಿನ್ನ ಅಪ್ಪನ ಕೈ ಇನ್ನೂ ಪಳಗಿದ ಕೈಯೇ, ಹೆಮ್ಮೆಯಿಂದಲೇ ಹೇಳುತ್ತೇನೆ.

ಪರೀಕ್ಷೆ ಚೆನ್ನಾಗಿ ಬರೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯವಳನ್ನು ಕೇಳಿದೆ ಎಂದು ಹೇಳು. ನೀನು ಹೋದಲ್ಲೆಲ್ಲ ದಾರಿ ತೆರೆದುಕೊಳ್ಳಲಿ, ಹಿಡಿದ ಕೆಲಸ ಹಸನಾಗಲಿ, ನಗುನಗುತ್ತಾ ಇರು.

ಇಂತಿ ನಿನ್ನ,
ಲೈಟಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿನ್ನಮ್ಮ ಓದಿ, "ಗುಡ್ಡದ ತುದೀದು ಯಾಕೆ ಬರೀಲಿಲ್ಲ?" ಎಂದಳು. ಬರೆಯುತ್ತೇನೆ. ತುದಿಯ ತಿರುವಿನಲ್ಲಿ ಎರಡೂ ದೀಪ ಉರಿಯುತ್ತಲೇ ಇದ್ದವು, ಆದರೆ ಬಾನೆಟ್ಟಿನಾಚೆ ಏನೇನೂ ಕಾಣಲಿಲ್ಲ. ಕಾರನ್ನು ರಸ್ತೆಯಿಂದ ಕೆಳಗಿಳಿಸಿ, ಮಂಜು ಕರಗುವ ತನಕ ಕೂತೆವು. ಲಾರಿಗಳು ಹೋಗುವ ಸದ್ದು ಮಾತ್ರ ಕೇಳುತ್ತಿತ್ತು. ನಿನ್ನಮ್ಮ ನನ್ನ ಕೈ ಬಿಡಲೇ ಇಲ್ಲ. ಆ ಜಾಗದಲ್ಲಿ ನೀನೊಬ್ಬಳೇ ಕೂತಿರುವುದನ್ನು ನೆನೆದು ನನಗೆ ತುಂಬಾ ಹೆದರಿಕೆಯಾಯಿತು ಪುಟ್ಟಿ. ದೀಪದಲ್ಲಿ ದೋಷವಿಲ್ಲ, ಅದರ ಕೈಲಿ ಆಗುವುದೇ ಅಷ್ಟು. ಆ ಕೋಣೆಯನ್ನು ಬಿಡಬೇಡ, ಜೊತೆಯವಳಿಗೆ ಇವತ್ತೇ ಹೂಂ ಅನ್ನು. ಮಂಜಿಲ್ಲದ ದಿನ ಮನೆಗೆ ಬಾ. ಮಂಜು ಬಿದ್ದ ದಿನ ನಾವು ನಿನ್ನ ದಾರಿ ನೋಡುವುದಿಲ್ಲ, ಬಾಗಿಲು ಹಾಕಿಕೊಂಡು ಮಲಗುತ್ತೇವೆ.