ತಾಯಿಗಿಡಕ್ಕ ಕಟ್ಟಿದ ಕಸಿ

ತೇರದಾಳ, ಶ್ರಾವಣ, ೧೯೫೪

ರಬಕವಿಯೊಳಗಿನ ಪಾರೀಸಣ್ಣಾರಿಗೆ ಜಯ ಜಿನೇಂದ್ರ.

ನಮ್ಮಿಬ್ರೊಳಗ ಸಸಿ ತೋಟ ಪಾಲಾದಾಗ ಅಪ್ಪ ಹಚ್ಚಿದ ತಾಯಿಮಾವು ನಿಮ್ಮ ಕಡೆ ಬಂತು. ಅದನ್ನ ಕಡಿಸಿ ಮಗ್ಗದ ಶೆಡ್ ಹಾಕತೀರಂತ. ಹಾಕ್ರಿ, ನಾ ತಕರಾರ ಮಾಡೂದಿಲ್ಲ. ಬನಹಟ್ಟಿ, ಜಮಖಂಡಿ ಹಿತ್ತಲದಾಗೆಲ್ಲಾ ಅದರ ಮಕ್ಕಳ ಅದಾವು. ಚಕ್ಕಡಿ ಹೇರಿ ಮಾರಿ ಬಂದವ್ರು ನೀವ.

ಆದ್ರ ನನ್ನ ಕುಂಡದ ಸಸಿಗಳನ್ನ ಅದರ ಟೊಂಗಿಗೆ ಕಟ್ಟೇನಿ. ಕಸಿ ಕೂಡೂ ಮೊದಲ ತಾಯಿಗಿಡಾನ ಕಡಿದ್ರ ಎಲ್ಲಾ ಒಣಗತಾವು. ನನಗ ಕಟ್ಟೂದು ಕಲಿಸಿದವ್ರಿಗೆ ಇದನ್ನ ನಾ ಹೇಳಬೇಕೇನ್ರಿ? ದಸರಾತನಕ ತಡೀರಿ.

ಕಡಿಯೂ ದಿನ ಮೊದಲ ಹೇಳಿ ಕಳಸ್ರಿ. ಅವ್ವನ್ನ ಬಸದಿಗೆ ಕರಕೊಂಡ ಹೋಗತೇನಿ. ಆಕಿಗೆ ಕಣ್ಣು ಕಾಣೂದಿಲ್ಲಂತ, ತೋಟ ಪಾಲಾದದ್ದನ್ನ ನಾವಿಬ್ರೂ ಮುಚ್ಚಿಟ್ಟೇವಿ. ಕೊಡ್ಲಿ ಸಪ್ಪಳಾನ ಹೆಂಗ ಮುಚ್ಚೂದು?

ನಿಮ್ಮ ತಮ್ಮ,
ಜಿನ್ನಪ್ಪ