ಎಲ್ಲರ ತಲೆ ಮೇಲೂ ಸುಳ್ಳು ಕೂದಲು

೩ ಸೆಪ್ಟೆಂಬರ್, ಮಂಗಳವಾರ

ಎದುರು ಮನೆ ತೆಲುಗು ಅಮ್ಮನ ಬ್ಲೌಸ್ ಮುಗಿಸಿದೆ. ಹುಕ್ಕು ಮಾತ್ರ ಬಾಕಿ. ಬತುಕಮ್ಮ ಹತ್ತಿರ ಬಂತು, ಎಲ್ಲರಿಗೂ ಹಬ್ಬದೊಳಗೇ ಬೇಕು. ಆಗೂದಿಲ್ಲ ಅಂದರೂ ಬಟ್ಟೆ ಇಟ್ಟೇ ಹೋಗ್ತಾರೆ.

ತಂಗಿ ನಲಿನಿ ಇದ್ದಿದ್ದರೆ ಇದೆಲ್ಲ ಕಾಗದದಲ್ಲಿ ಬರೀತಿದ್ದೆ. ಸಾಲಿಗೆ ಹೋದವಳಲ್ಲ ನಾನು. ತಂಗಿ ಕಲಬುರ್ಗಿಗೆ ಲಗ್ನ ಆಗಿ ಹೋದ ಮೇಲೆ ಆಕಿಗೆ ಕಾಗದ ಬರೆಯೋಕಂತಲೇ ಅಕ್ಷರ ಕಲಿತೆ. ಈಗ ಆಕಿಯೂ ಇಲ್ಲ. ಕೈಗೆ ರೂಢಿ ಬಿಡಲಿಲ್ಲ, ಬರೀತೀನಿ. ಯಾರಿಗೂ ಅಲ್ಲ.

ಮಾನಸಾ ಇವತ್ತೂ ಹೊರಗೆ ಹೆಜ್ಜೆ ಇಡಲಿಲ್ಲ. ಹಾಲಿಗೂ ನಾನೇ ಹೋದೆ. ಕಾಚಿಗೂಡ ಸ್ಟೇಷನ್ ಹತ್ತಿರದ ಈ ಮನೆ ಮೆಟ್ಟಿಲು ದಿನಕ್ಕೊಂದು ಹೆಚ್ಚಾಗತಾವೇನೋ ಅನಿಸ್ತದೆ.

ಮಾನಸಾ ನನ್ನ ಮಗಳ ಮಗಳು. ತಾಯಿ ಇಲ್ಲ. ತಂದೆಗೆ ಬೀದರಿನಲ್ಲಿ ಬೇರೆ ಸಂಸಾರ. ಎರಡು ವರ್ಷದ ಹಿಂದೆ ಕೂದಲು ಉದುರೋಕೆ ಹತ್ತಿತು... ಮೊದಲು ರೂಪಾಯಿಯಷ್ಟು ಅಗಲ, ಆಮೇಲೆ ಪೂರಾ. ಹುಬ್ಬು ಸಹ. ಜೀವಕ್ಕೇನೂ ಅಪಾಯ ಇಲ್ಲ ಅಂದರು ಡಾಕ್ಟರು. ಕಾಲೇಜಿನಲ್ಲಿ ಯಾರೋ ಸ್ಕಾರ್ಫ್ ಎಳೆದು ನಕ್ಕರು. ಅವತ್ತು ಒಳಗೆ ಬಂದವಳು. ಹತ್ತೊಂಬತ್ತು ನಡೀತಿದೆ, ನನ್ನ ಬಿಟ್ಟರೆ ಮಾತಾಡೋಕೆ ಒಬ್ಬರಿಲ್ಲ. ನನ್ನದೇನು, ಸಂಜೆ ಬಿಸಿಲು. ಒಬ್ಬರಾದರೂ ಬೇಕು ಈಕಿಗೆ. ದೇವರ ಮುಂದೆ ಬೇರೇನೂ ಕೇಳೋದಿಲ್ಲ.


೧೯ ಸೆಪ್ಟೆಂಬರ್

ಊಟಕ್ಕೆ ಕೂತಾಗ ತಾನಾಗೇ ಮಾತು ತೆಗೆದಳು.

"ಅಜ್ಜಿ, ಒಂದು ಡ್ರೆಸ್ ಹೊಲೀತಿಯಾ?"

ಫೋನಿನಲ್ಲಿ ಚಿತ್ರ. ಜಪಾನ್ ದೇಶದ ಕಾರ್ಟೂನಂತೆ — ಕಾರ್ಟೂನ್ ಅಂದರೆ ಸಿಟ್ಟು, ಆನಿಮೆ ಅನಬೇಕು. ಕತ್ತಿ ಹಿಡಿದ ಹುಡುಗಿ, ನೀಲಿ ಕೂದಲು, ದೊಡ್ಡ ತೋಳಿನ ನಿಲುವಂಗಿ. ಎದೆ ಮೇಲೆ ಒಂದು ಮಗ್ಗುಲು ಇನ್ನೊಂದರ ಮೇಲೆ ಬರ್ತದೆ, ನಡುವಿಗೆ ಪಟ್ಟಿ.

"ಇದನ್ನ ಉಟ್ಟು ಎಲ್ಲಿಗಿ ಹೊಂಟಿ?"

"ಹೈಟೆಕ್ ಸಿಟಿ ಕಡೆ ಒಂದು ಹಾಲ್‌ದಾಗ ಮೇಳ ಐತಿ. ಎಲ್ಲಾರೂ ಹಿಂಗ ವೇಷಾ ಹಾಕ್ಕೊಂಡು ಬರ್ತಾರ. ಕಾಸ್‌ಪ್ಲೇ ಅಂತಾರ." ಆಮೇಲೆ ತಟ್ಟೆ ನೋಡ್ತಾ, "ಅಲ್ಲಿ ಎಲ್ಲಾರ ತಲಿಮ್ಯಾಲೂ ಸುಳ್ಳು ಕೂದಲಾ, ಅಜ್ಜಿ."

ಎದ್ದು ನೀರು ತರೋ ನೆವದಲ್ಲಿ ಒಳಗೆ ಹೋದೆ. ಕಣ್ಣು ಒರೆಸಿಕೊಂಡು ಬಂದು ಅಂದೆ — ಅಳತಿ ಕೊಡು.


೨ ಅಕ್ಟೋಬರ್

ಹಬ್ಬದ ಬ್ಲೌಸೆಲ್ಲ ಹಿಂದಿಟ್ಟೆ. ಬೈಸಿಕೊಂಡೆ. ಬೈಯಲಿ.

ಅಂಗಿ ಆಯಿತು. ಎಲ್ಲೂ ಬಿಚ್ಚಿಕೊಳ್ಳಬಾರದು ಅಂತ ಹೆದರ್ತಾಳೆ. ಅದಕ್ಕೆ ಒಳಗೆ ಹುಕ್ಕು ಇಟ್ಟು, ನಡುಪಟ್ಟಿಯನ್ನೂ ಬೆನ್ನಿಗೆ ಹೊಲಿದುಬಿಟ್ಟೆ. ಬಿರುಗಾಳಿ ಬಂದರೂ ಅಲುಗೋದಿಲ್ಲ. ಚಿತ್ರದಲ್ಲಿ ಎಡಮಗ್ಗುಲು ಮೇಲಿತ್ತು. ಹೆಂಗಸರ ಬಟ್ಟೆಗೆ ಬಲಮಗ್ಗುಲು ಮೇಲೆ ಬರಬೇಕು, ನಲವತ್ತು ವರ್ಷ ಹಂಗೇ ಹೊಲಿದೀನಿ. ಫೋನಿನಲ್ಲಿ ಮುಖ ತೆಗೆದರೆ ಎಡ ಬಲ ತಿರುವಿ ತೋರಿಸ್ತದೆ ಅಂತ ಈಕಿಯೇ ಒಮ್ಮೆ ಹೇಳಿದ್ದಳು. ಈ ಚಿತ್ರವೂ ಹಂಗೇ ತಿರುಗಿರಬೇಕು ಅಂತ ಸರಿಮಾಡಿ ಬಲವನ್ನು ಮೇಲೆ ತಂದೆ.

ಹೊಟ್ಟೆಯಲ್ಲಿ ಮತ್ತೆ ಅದೇ ಹಿಡಿತ. ಕೂತು ಕೂತು ಗ್ಯಾಸು.


೬ ಅಕ್ಟೋಬರ್, ಭಾನುವಾರ, ಸಂಜೆ

ಬರೀಬೇಕು. ಎಲ್ಲಾ ಬರೀಬೇಕು.

ಒಬ್ಬಳೇ ಹೋಗೋದಿಲ್ಲ ಅಂದಳು, ನಾನೂ ಹೋದೆ. ಮೆಟ್ರೋದಲ್ಲಿ ವಿಗ್ಗನ್ನು ಚೀಲದಲ್ಲೇ ಇಟ್ಟುಕೊಂಡಿದ್ದಳು. ಹಾಲಿನ ಬಾತ್‌ರೂಮಿನಲ್ಲಿ ಹಾಕಿಕೊಂಡು ಹೊರಗೆ ಬಂದಳು... ನನ್ನ ಮಗಳೇ ಬಂದಂಗಾಯಿತು. ಹುಬ್ಬು ಬರೆದುಕೊಂಡಿದ್ದಳು. ಕತ್ತು ನೆಟ್ಟಗೆ.

ಎಂಥ ಮಂದಿ! ರೆಕ್ಕೆ ಕಟ್ಟಿಕೊಂಡವರು, ಬಾಲ ಇದ್ದವರು, ಗುಲಾಬಿ ಕೂದಲಿನ ದಾಡಿ ಗಂಡಸು. ನನ್ನ ಇಳಕಲ್ ಸೀರೆ ನೋಡಿ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಕೇಳಿದ — ನೀವು ಯಾವ ಕ್ಯಾರೆಕ್ಟರು? ಮಾನಸಾ ಎರಡು ವರ್ಷದ ಮೇಲೆ ಬಾಯಿ ಬಿಟ್ಟು ನಕ್ಕಳು.

ಆ ನಗು ಎಷ್ಟು ಹೊತ್ತು. ಸ್ಟೇಜಿಗೆ ಹೋಗೋರ ಸಾಲು. ಹಿಂದೆ ನಿಂತ ಹುಡುಗಿಯರಲ್ಲಿ ಒಬ್ಬಳು ಮಾನಸಾನ ಎದೆ ಕಡೆ ಬೆರಳು ಮಾಡಿ, "ಅರೇ, ಯೇ ತೋ ಮುರ್ದೇ ಕಾ ಡ್ರೆಸ್ ಹೈ!" ಅಂದಳು. ಜಪಾನಿನಲ್ಲಿ ಬಲಮಗ್ಗುಲು ಮೇಲೆ ಮಾಡಿ ಉಡಿಸೋದು ಹೆಣಕ್ಕಂತೆ. ಬದುಕಿದವರಿಗೆ ಎಡವೇ ಮೇಲಂತೆ. ಎಲ್ಲರೂ ನಕ್ಕರು. ಫೋಟೋ ಹಿಡಿದರು.

ಮೊಮ್ಮಗಳಿಗೆ ನಾನು ಹೆಣದ ಬಟ್ಟೆ ಹೊಲಿದಿದ್ದೆ.

ತಿರುಗಿಸಿ ಉಡೋಣ ಅಂದರೆ ಹುಕ್ಕು, ಪಟ್ಟಿ — ನಾನೇ ಬಿಗಿದದ್ದು. ಕತ್ತರಿ ಇಲ್ಲ. ಆಕಿ ಕೈ ವಿಗ್ಗಿಗೆ ಹೋಯಿತು, ತಲೆ ಮುಚ್ಚಿಕೊಳ್ಳೋ ಹಳೆ ಚಾಳಿ. "ನಡಿ ಅಜ್ಜಿ ಮನಿಗೆ, ನಡಿ." ನಾನು ಟಿಫನ್ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

"ಕನ್ನಡದವರೇನ್ರಿ?"

ಬೆಳ್ಳಿ ಬಣ್ಣದ ಕವಚ ತೊಟ್ಟ ಹುಡುಗಿ. ಕವಚ ಅಂದರೆ ಫೋಮ್ ಶೀಟು ಕತ್ತರಿಸಿ ಅಂಟಿಸಿದ್ದು. ಹೆಸರು ಭಾಗ್ಯಶ್ರೀ. ಯಾದಗಿರಿ ಕಡೆಯವಳು, ಅವ್ವ ಅಪ್ಪ ಇಲ್ಲಿ ಗಾರೆ ಕೆಲಸಕ್ಕೆ ಬಂದವರು, ತಾನು ಬೇಗಂ ಬಜಾರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ. ಇದೆಲ್ಲ ಆಮೇಲೆ ತಿಳಿದದ್ದು. ಆಗ ಆಕಿ ಆ ಹುಡುಗಿಯರ ಕಡೆ ತಿರುಗಿ, "ಹೌ, ಮರ್ ಕೇ ಆಯೀ ಹೈ. ಅಬ್ ಕಿಸ್ಕೇ ಪೀಛೇ ಲಗೇಗೀ, ದೇಖ್ ಲೋ," ಅಂದಳು. ಸತ್ತು ಬಂದಾಳ, ಯಾರನ್ನ ಹಿಡೀತಾಳೋ ನೋಡ್ಕೊಳ್ರಿ ಅಂತ.

ಮಾನಸಾನ ಮೂಲೆಗೆ ಕೂಡಿಸಿ ಮುಖಕ್ಕೆ ಬಿಳಿ ಪೌಡರ್ ಬಳಿದಳು. ಕಣ್ಣ ಕೆಳಗೆ ಕಾಡಿಗೆ. "ನೀ ಈಗ ಸತ್ತ ಮ್ಯಾಲ ಸೇಡು ತೀರಸಾಕ ಎದ್ದು ಬಂದೀ. ತಿಳೀತಿಲ್ಲೋ? ನಗಬ್ಯಾಡ. ದೆವ್ವ ನಗೂದಿಲ್ಲ."

"ನನಗ ಆಗೂದಿಲ್ಲ."

"ಸತ್ತಾಕಿಗೆ ಇನ್ನೇನು ಅಂಜಿಕಿ?"

ಹೋದಳು. ಆ ದೀಪದ ಕೆಳಗೆ ನಿಧಾನ ನಡೆದು ಕತ್ತಿ ಎತ್ತಿದಳು. ಹಾಲ್ ತುಂಬ ಚಪ್ಪಾಳೆ.

ನಾನೂ ತಟ್ಟಿದೆ. ಆದರೆ ಅಂಗಿಯ ಆ ಬಲಮಗ್ಗುಲು ನೋಡಿದಾಗೆಲ್ಲ ಕಣ್ಣು ಬೇರೆ ಕಡೆ ತಿರುಗಿಸ್ತಿದ್ದೆ.


೧೨ ಅಕ್ಟೋಬರ್, ದಸರಾ

ಭಾಗ್ಯಶ್ರೀ ಬನ್ನಿ ಕೊಡೋಕೆ ಬಂದಳು. ಈ ಊರಲ್ಲಿ ಜಮ್ಮಿ ಅಂತಾರೆ. ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

"ಬಂಗಾರದಂಗ ಇರೋಣ್ರಿ ಅಜ್ಜಿ. ನಿಮ್ಮ ಮೊಮ್ಮಗಳು ದೆವ್ವ ಆದ್ರ ಭಾಳ ಚಂದ ಕಾಣ್ತಾಳ್ರಿ. ಮನಶ್ಯಾಳಾಗಿ ಅಷ್ಟಕ್ಕಷ್ಟ."

"ಏ ಹೋಗಲೇ," ಅಂದಳು ಮಾನಸಾ. ಹೋಗಲೇ ಅಂದಳು! ನನಗೆ ಆ ಬೈಗುಳ ಹೋಳಿಗೆಗಿಂತ ರುಚಿ.

ಊಟ ಆದ ಮೇಲೆ, ಏನನಿಸಿತೋ, ಸ್ಕಾರ್ಫ್ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. ಭಾಗ್ಯಾ ಸುಮ್ಮನೆ ನೋಡಿದಳು. ಸುತ್ತ ಹೋಗಿ ಹಿಂದಿನಿಂದಲೂ ನೋಡಿದಳು.

"ಎಷ್ಟು ಗುಂಡಗ ಐತಿ! ನಂದು ನೋಡು, ಹಿಂದ ಚಪ್ಪಟಿ. ಕೂಸಿದ್ದಾಗ ಬಿಲ್ಡಿಂಗಿನ್ಯಾಗ ಸಿಮೆಂಟ್ ಚೀಲದ ಮ್ಯಾಲ ಮಲಗಿಸಿ ನಮ್ಮವ್ವ ಕೆಲಸಕ್ಕ ಹೋಗಿಬಿಡಾಕಿ. ಹೊರಳಿಸೋರು ಯಾರು?"

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ಪಾತ್ರೆ ತೊಳೆಯೋಕೆ ಎದ್ದೆ. ನಲಿನೀ, ಇದನ್ನ ನೀ ಓದಬೇಕಾಗಿತ್ತು.


೩೦ ಅಕ್ಟೋಬರ್

ಜನವರಿಯಲ್ಲಿ ದೊಡ್ಡ ಮೇಳವಂತೆ. ಇಬ್ಬರೂ ಜೋಡಿ ವೇಷ. ಮನೆ ತುಂಬ ಫೋಮ್ ಚೂರು, ಗೋಂದಿನ ವಾಸನೆ. ವೇಷ ಹಾಕೋರ ಗುಂಪಿನಲ್ಲಿ ಇನ್ನೂ ನಾಲ್ಕು ಮಂದಿ ಪರಿಚಯ ಆಗ್ಯಾರೆ, ಫೋನ್ ಟಿಣ್ ಟಿಣ್ ಅಂತಿರ್ತದೆ. ಪ್ರೈವೇಟಾಗಿ ಕಾಲೇಜಿನ ಪರೀಕ್ಷೆ ಕಟ್ಟತೀನಿ ಅಂತಾಳೆ ಮಾನಸಾ.

ರವಿಕೆ ಸಡಿಲಾಗಿದೆ. ನನ್ನದೇ ಹೊಲಿಗೆ, ನನ್ನದೇ ಮೈ... ಅಳತೆ ತಪ್ಪಿರಲಿಕ್ಕಿಲ್ಲ. ಊಟ ಸೇರ್ತಿಲ್ಲ.


೧೧ ನವೆಂಬರ್

ದವಾಖಾನೆಗೆ ಭಾಗ್ಯಾನ ಕರೆದುಕೊಂಡು ಹೋಗಿದ್ದೆ. ಮಾನಸಾಗೆ ಬಜಾರಿಗೆ ಅಂತ ಹೇಳಿ. ಡಾಕ್ಟರು ತೆಲುಗು, ಇಂಗ್ಲಿಷು ಕೂಡಿಸಿ ಜೋರಾಗಿ ಮಾತಾಡ್ತಾರೆ, ನನಗೆ ಪೂರಾ ತಿಳಿಯೋದಿಲ್ಲ. ಭಾಗ್ಯಾಗೆ ಎರಡೂ ಬರ್ತದೆ.

ಸ್ಕ್ಯಾನ್ ರಿಪೋರ್ಟ್ ಹಿಡಿದು ಆಕಿಗೇ ಹೇಳಿದರು. ನಾನು ಡಾಕ್ಟರನ್ನ ನೋಡಲಿಲ್ಲ. ಆಕಿ ಮುಖ ನೋಡ್ತಿದ್ದೆ.

"ಏನಂತಾರವ್ವಾ?"

"...ಬೇಕಾದ್ದು ತಿನ್ನಸ್ರಿ ಅಂತಾರ, ಅಜ್ಜಿ."

ತಿಳಿಯಿತು.

ಹೊರಗೆ ಬೆಂಚಿನ ಮೇಲೆ ಕೂತು ಉಳಿದದ್ದು ಹೇಳಿಸಿದೆ. ಕ್ಯಾನ್ಸರ್, ಹೊಟ್ಟೆಯಿಂದ ಲಿವರಿಗೂ ಹಬ್ಬಿದೆ. ಕೊಯ್ದು ತೆಗೆಯೋ ಹಂತ ದಾಟಿದೆ. ನೋವಿಗೆ ಗುಳಿಗೆ. ಆಕಿ ಕೈಯನ್ನ ನನ್ನ ತಲೆ ಮೇಲೆ ಇಟ್ಟುಕೊಂಡೆ.

"ಮಾನಸಾಗ ಹೇಳೂದಿಲ್ಲಂತ ಆಣಿ ಮಾಡು. ಜನವರಿ ಮುಗೀಲಿ. ಈಗ ಹೇಳಿದ್ರ ನನ್ನ ಹಾಸಿಗಿ ಕಾಯ್ಕೋತ ಕೂಡ್ತಾಳ. ಮತ್ತ ಒಳಗ ಹೋಗತಾಳ."

"ಅಜ್ಜಿ, ಬ್ಯಾಡ್ರಿ..."

"ಮಾಡು."

ಮಾಡಿದಳು.


೨೮ ನವೆಂಬರ್

ಭಾಗ್ಯಾ ಈ ವಾರವೂ ಬರಲಿಲ್ಲ. ಅಂಗಡಿಯಲ್ಲಿ ಕೆಲಸ ಅಂತಾಳಂತೆ.

ಗುಳಿಗೆಯನ್ನ ದಾರದ ಡಬ್ಬಿಯಲ್ಲಿ ಇಟ್ಟಿದ್ದೀನಿ.


೧೫ ಡಿಸೆಂಬರ್, ಭಾನುವಾರ

ಮಾನಸಾ ಫೋನ್ ಮಾಡಿದರೆ ಕಟ್ ಮಾಡ್ತಾಳೆ ಭಾಗ್ಯಾ. ಮೆಸೇಜಿಗೂ ಉತ್ತರ ಇಲ್ಲ. ಜೋಡಿ ವೇಷದ ಒಂದು ಕವಚ ಮುಗಿದಿದೆ, ಇನ್ನೊಂದು ಗೋಡೆಗೆ ಆನಿಸಿದೆ, ಅರ್ಧಕ್ಕೇ.

ಇವತ್ತು ಮಾನಸಾ ಮನೆಯಲ್ಲೂ ಸ್ಕಾರ್ಫ್ ಕಟ್ಟಿಕೊಂಡಿದ್ದಾಳೆ. ನನ್ನ ಮುಂದೆ! ಯಾಕೆ ಅಂದೆ.

"ಅಕಿಗೂ ಸಾಕಾಗಿರಬೇಕು, ಅಜ್ಜಿ. ತಲಿ ನೋಡಿದ ಮ್ಯಾಲ ಯಾರು ಉಳೀತಾರ?"

"ಹಂಗಲ್ಲ ಅದು."

"ನಿನಗೇನು ಗೊತ್ತು?"

ಗೊತ್ತು. ನನಗಲ್ಲದೆ ಯಾರಿಗೆ ಗೊತ್ತು?

ವಿಗ್ಗನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಕಟ್ಟಿ, ಅಟ್ಟಕ್ಕೆ ಎಸೆದಳು.


೧೭ ಡಿಸೆಂಬರ್

ಆಟೋ ಮಾಡಿಕೊಂಡು ಬೇಗಂ ಬಜಾರಿಗೆ ಹೋದೆ. ಆ ಗದ್ದಲದಲ್ಲಿ, ಬಕೆಟ್ಟು, ಮೊರಗಳ ರಾಶಿ ನಡುವೆ ಭಾಗ್ಯಾ. ನನ್ನನ್ನ ನೋಡಿದ ಕೂಡಲೇ ಸ್ಟೂಲ್ ಎಳೆದಳು.

"ಇಷ್ಟು ದೂರ ಯಾಕ ಬಂದ್ರಿ? ಈ ಮೈಯಾಗ?"

"ನೀ ಬರವೊಲ್ಲಿ, ನಾ ಬಂದೆ."

ಗಿರಾಕಿಗೆ ಚಿಲ್ಲರೆ ಕೊಟ್ಟು ಕಳಿಸಿ, ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಸಣ್ಣ ದನಿ. ಸಿಟ್ಟು.

"ನನ್ನ ಬಾಯಾಗ ಕಲ್ಲು ತುರುಕೀರಿ, ಅಜ್ಜಿ. ಅಕಿ ದಿನಾ ಕೇಳಾಕಿ, ಅಜ್ಜಿ ಯಾಕ ಸೊರಗಾಕತ್ತಾಳ ಅಂತ. ನಾ ಏನಂತ ಹೇಳ್ಲಿ? ಅಕಿ ನನ್ನ ಮುಂದ ತಲಿ ಬಿಚ್ಚಿ ಕುಂತಾಕಿ. ನಾ ಅಕಿ ಮುಂದ ಸುಳ್ಳು ಕಟ್ಕೊಂಡು ಹೆಂಗ ಕುಂದರ್ಲಿ? ನಾಳೆ ನೀವು ಹೋದ ಮ್ಯಾಲ, ನಿನಗ ಗೊತ್ತಿತ್ತೇನು ಅಂತ ಕೇಳ್ತಾಳ. ಆವಾಗ?"

ಆ "ಆವಾಗ" ನನಗೆ ಹೊಳೆದೇ ಇರಲಿಲ್ಲ. ನಾನು ಹೋದ ಮೇಲೆ ಒಬ್ಬರಾದರೂ ಉಳೀಲಿ ಅಂತಲ್ಲವೇ ಇಷ್ಟೆಲ್ಲ... ಆ ಒಬ್ಬಳನ್ನೇ ನಾನು ಕಿತ್ತೆ.

"ಆಣಿ ತಿರುಗಿ ತಗೊಂಡೆ," ಅಂದೆ. "ನಾನಾ ಹೇಳ್ತೀನಿ. ಹೇಳಿದ ಮ್ಯಾಲ ಬರ್ತಿಯಿಲ್ಲೋ?"

ಕಣ್ಣು ಒರೆಸಿಕೊಂಡಳು. "ಓಡಿ ಬರ್ತೀನ್ರಿ."


೧೮ ಡಿಸೆಂಬರ್

ಹೇಳಲಿಲ್ಲ. ಮಾನಸಾಗೆ ತಲೆನೋವಿತ್ತು.


೨೧ ಡಿಸೆಂಬರ್

ಹೇಳಲಿಲ್ಲ.


೨ ಜನವರಿ

ಗುಳಿಗೆ ಎರಡು ತಗೊಂಡರೂ ನೋವು ಹೋಗ್ತಿಲ್ಲ. ಸೂಜಿಗೆ ದಾರ ಪೋಣಿಸೋಕೆ ಆಗಲಿಲ್ಲ. ಮಾನಸಾ ಪೋಣಿಸಿ ಕೊಟ್ಟು, ನನ್ನ ಕೈಯನ್ನೇ ನೋಡ್ತಾ ನಿಂತಳು. ಬಾಯಿಗೆ ಬಂತು. ನುಂಗಿದೆ. ಇನ್ನೊಂದು ದಿನ ಆಕಿಗೆ ಅಜ್ಜಿ ಇರಲಿ, ರೋಗದ ಅಜ್ಜಿ ಅಲ್ಲ, ಸುಮ್ಮನೆ ಅಜ್ಜಿ... ಅನ್ನೋ ಆಸೆ. ಯಾರ ಆಸೆ ಇದು? ನನ್ನದೇ.


೫ ಜನವರಿ, ಭಾನುವಾರ, ಮಧ್ಯಾಹ್ನ

ಹೇಳಿದೆ.

ಜೋಳದ ರೊಟ್ಟಿ ಬಡೀತಿದ್ದಳು. ಹೆಂಚು ಇಳಿಸು ಅಂದೆ. ಇಳಿಸಿದಳು. ಎಲ್ಲಾ ಹೇಳಿದೆ. ರೋಗ, ಡಾಕ್ಟರು ಅಂದದ್ದು, ಆಣೆ. ಭಾಗ್ಯಾ ಯಾಕೆ ಬರಲಿಲ್ಲ ಅನ್ನೋದನ್ನ ಎರಡು ಸಲ ಹೇಳಿದೆ.

ಅಳಲಿಲ್ಲ. ಕೈಯಲ್ಲಿ ಹಿಟ್ಟು ಹಂಗೇ. "ಅಕಿಗೆ ನವೆಂಬರದಿಂದ ಗೊತ್ತು?" ಅಂತ ಕೇಳಿದಳು.

"ಗೊತ್ತು. ತಪ್ಪು ನಂದು. ಅಕಿದಲ್ಲ."

"ಒಬ್ಬಾಕಿನ ಇದನ್ನ ಹೊಟ್ಟ್ಯಾಗ ಇಟ್ಕೊಂಡಿದ್ಳು? ಇಷ್ಟು ದಿನಾ?"

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರನೇ ಸಲ ಕರೆದರೂ ಬರಲಿಲ್ಲ. ಮುಗಿಯಿತು ಅಂದುಕೊಂಡೆ. ಒಳಗೆ ಹೋದವಳು ಇನ್ನು ಬರೋದಿಲ್ಲ. ರೊಟ್ಟಿ ಒಣಗಿತು.

ಬಾಗಿಲ ಆಚೆ ಫೋನಿನಲ್ಲಿ ಮಾತು ಕೇಳಿಸ್ತು. "ನೀ ಎಲ್ಲಿದ್ದೀ... ಸ್ಟೇಷನ್ ಕಡೆ ಏನು? ಅಲ್ಲೇ ನಿಂದ್ರು... ಇಲ್ಲ, ನಾನಾ ಬರ್ತೀನಿ, ನೀ ನಿಂದ್ರು." ಬಾಗಿಲು ತೆರೆದು, ನನ್ನ ಮುಂದೆಯೇ ಹಾದು, ಮೆಟ್ಟಿಲು ದಡದಡ ಇಳಿದು ಹೋದಳು. ಕಾಲಲ್ಲಿ ಚಪ್ಪಲಿ ಇಲ್ಲ.

ತಲೆಯ ಮೇಲೂ ಏನಿಲ್ಲ. ಸ್ಕಾರ್ಫ್ ಹಾಸಿಗೆ ಮೇಲೇ ಬಿದ್ದಿದೆ.

ಅದನ್ನ ಹಿಡಿದುಕೊಂಡು ಕಿಟಕಿಗೆ ಬಂದೆ. ಕೂಗಬೇಕು ಅನಿಸ್ತು. ಕೂಗಲಿಲ್ಲ. ಕೆಳಗೆ ಭಾನುವಾರದ ರಸ್ತೆ, ಇರಾನಿ ಚಹಾದಂಗಡಿ ಮುಂದೆ ಅಷ್ಟು ಗಂಡಸರು. ಸ್ಟೇಷನ್ ಕಡೆಯಿಂದ ಭಾಗ್ಯಾ ಓಡಿ ಬರ್ತಿದ್ದಳು. ಅಲ್ಲೇ ನಿಂದ್ರು ಅಂದಿದ್ದರೂ ನಿಂತಿಲ್ಲ. ನಡುರಸ್ತೆಯಲ್ಲಿ ಮಾನಸಾ ಆಕಿ ಭುಜಕ್ಕೆ ಒಂದು ಗುದ್ದು ಹಾಕಿದಳು. ಇನ್ನೊಂದು ಹಾಕಿದಳು. ಭಾಗ್ಯಾ ಹೊಡೆಸಿಕೊಂಡು ನಿಂತಳು. ಆಮೇಲೆ ಇಬ್ಬರೂ ತೆಕ್ಕೆಗೆ ಬಿದ್ದರು. ಹಿಂದೆ ಆಟೋದವನು ಹಾರ್ನ್ ಬಾರಿಸ್ತಾನೇ ಇದ್ದ. ಎಲ್ಲರೂ ನೋಡ್ತಿದ್ದರು, ಆ ತಲೆಯನ್ನೇ. ಬಿಸಿಲಿಗೆ ಹೊಳೀತಿತ್ತು. ಈಕಿಗೆ ಗೊತ್ತೇ ಇಲ್ಲ.

ಈಗ ಅಳು ಇಲ್ಲೀತನಕ ಕೇಳಿಸ್ತಿದೆ. ಅಳಲಿ. ಒಬ್ಬಳೇ ಇಲ್ಲ.

ಇಬ್ಬರೂ ತಲೆ ಎತ್ತಿ ಕಿಟಕಿ ಕಡೆ ನೋಡಿದರು. ನಾನು ಕೈ ಎತ್ತಿದೆ. ಬರ್ತಿದ್ದಾರೆ. ಮೆಟ್ಟಿಲ ಮೇಲೆ ಕಾಲಿನ ಸಪ್ಪಳ. ಹೆಂಚು ಮತ್ತೆ ಇಡಬೇಕು, ಇಬ್ಬರಿಗೂ ಬಿಸಿ ರೊಟ್ಟಿ —