ಕೆಂಪು ದೀಪದ ಸೇವಂತಿಗೆ

ಹಳೇಬೀಡು
24 ನವೆಂಬರ್ 2024

ಪೂಜ್ಯ ಮಾತಾಜಿಯವರ ಚರಣಗಳಿಗೆ ಸಿದ್ಧಿಯ ವಂದಾಮಿ.

ನೀವು ಮನೆ ಬಿಟ್ಟು ಮೂರು ತಿಂಗಳಾದರೂ ಒಂದು ಸಾಲು ಬರೆಯಲಿಲ್ಲ, ಕ್ಷಮಿಸಿ. ದೀಕ್ಷೆ ಪಡೆದವರು ನೀವು, ನಿಜ. ಆದರೆ ಒಡಹುಟ್ಟಿದ ಅಕ್ಕನಿಗೆ ಮಾತಾಜಿ ಎಂದು ಬರೆಯಲು ಕೈ ಬರಲಿಲ್ಲ. ಎರಡು ಸಲ ಹರಿದು ಹಾಕಿದೆ. ಧರ್ಮಾವತಿ ಅತ್ತೆ ನಾಳೆ ನಿಮ್ಮ ದರ್ಶನಕ್ಕೆ ಬರುತ್ತಿದ್ದಾರೆ. ಇದನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯ. ಅಮ್ಮನ ಮಂಡಿನೋವು ಹಾಗೇ ಇದೆ, ಬಸದಿಗೆ ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ನೀವು ಬರಿಗಾಲಲ್ಲಿ ಬಾಣಾವರ ದಾಟಿ ಹೋದಿರೆಂದು ತಿಳಿದ ದಿನ ನಮ್ಮ ಅಡುಗೆಮನೆಯಲ್ಲಿ ಮಾಡಿದ ಅಡುಗೆ ಹಾಗೇ ಉಳಿಯಿತು. ಅಷ್ಟು ಹತ್ತಿರ ಬಂದಿದ್ದಿರಿ.

ತೋಟದ ಪಾಲಿಹೌಸಿನ ಸುದ್ದಿ ಹೇಳಬೇಕು. ದೀಕ್ಷೆಗೆ ಹೊರಡುವ ಹಿಂದಿನ ದಿನ ಅದರಲ್ಲಿ ಸೇವಂತಿಗೆ ಸಸಿ ನೆಟ್ಟವರು ನೀವೇ. “ಸಂಜೆಯಿಂದ ನಾಲ್ಕು ಗಂಟೆ ಕೆಂಪು ದೀಪ ಹಾಕು. ಆ ಬೆಳಕಿಗೆ ಗಿಡ ಇನ್ನೂ ಹಗಲು ಅಂದ್ಕೊಂಡು ಬೆಳೀತಾ ಹೋಗುತ್ತೆ. ಐದು ವಾರಕ್ಕೆ ಆರಿಸಿಬಿಡು, ಉದ್ದ ಕತ್ತಲೆ ಸಿಕ್ಕರೇನೇ ಮೊಗ್ಗು” ಅಂದಿದ್ದಿರಿ. ನೀಲಿ ದೀಪದ ಸಾಲಿನಲ್ಲಿ ಗಿಡ ಕುಳ್ಳಗೆ, ಗಟ್ಟಿಯಾಗಿ ಬಂದದ್ದನ್ನು ಹೋದ ವರ್ಷ ಸ್ಕೇಲಿಟ್ಟು ಅಳೆದು ತೋರಿಸಿದ್ದಿರಿ. ಅಂದು ನಿಮ್ಮ ಮುಖದಲ್ಲಿದ್ದ ಸಂತೋಷ ನನಗಿನ್ನೂ ಕಾಣುತ್ತದೆ.

ಐದು ವಾರ ಕಳೆಯಿತು. ನಾನು ದೀಪ ಆರಿಸಲಿಲ್ಲ. ಒಂಬತ್ತನೇ ವಾರ, ಗಿಡ ನೋಡಿಕೊಳ್ಳುವ ಮರಿಯಣ್ಣ ಕೇಳಿಯೇಬಿಟ್ಟ: “ಅಕ್ಕೋರೇ, ಗಿಡ ನನ್ ಎದೆಮಟ್ಟ ಬಂದೈತೆ, ಒಂದ್ ಮೊಗ್ಗಿಲ್ಲ. ದೀಪ ಆರ್ಸಾದು ಮರ್ತ್ರಾ?”

“ಮರೆತಿಲ್ಲ ಮರಿಯಣ್ಣ. ಅಕ್ಕ ನೆಟ್ಟ ಗಿಡ. ಹೂ ಬಿಟ್ಟರೆ ಕೊಯ್ಯಬೇಕು, ಆಮೇಲೆ ಕಿತ್ತುಹಾಕಬೇಕು.”

ಅವನು ಒರಗಿದ್ದ ಒಂದು ಗಿಡವನ್ನು ಎತ್ತಿ ಹಿಡಿದ. “ಕುಯ್ಯದೇ ಬಿಟ್ರೂ ಬಗ್ಗಿ ಮುರ್ಕೊಂತಾವೆ ಕಣವ್ವಾ” ಎಂದ.

ಆಗಲೇ ಅರ್ಧ ಸಾಲು ನೆಲಕ್ಕೆ ಒರಗಿತ್ತು. ಆ ಸಂಜೆ ನಾನು ಸ್ವಿಚ್ ಹಾಕಲಿಲ್ಲ. ಮಾರನೇ ದಿನ ಇಬ್ಬರೂ ಸೇರಿ ಬಿದ್ದ ಗಿಡಗಳಿಗೆ ಕೋಲು ಕೊಟ್ಟು ಕಟ್ಟಿದೆವು. ಮೊನ್ನೆ ಗುರುವಾರ ಮೊಗ್ಗು ಕಂಡವು, ಮೆಣಸಿನ ಕಾಳಿನಷ್ಟು. ಸಂಕ್ರಾಂತಿ ಹೊತ್ತಿಗೆ ಅರಳುತ್ತವೆ. ನಾನೇ ಕೊಯ್ಯುತ್ತೇನೆ.

ನಡೆಯುವ ದಾರಿಯಲ್ಲಿ ನಿಮ್ಮ ಪಾದಗಳಿಗೆ ಮುಳ್ಳು ತಾಗದಿರಲಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ಸಿದ್ಧಿ

ತಾ.ಕ.: ದೀಕ್ಷೆಗೆ ಮನೆಯವರೆಲ್ಲರ ಒಪ್ಪಿಗೆ ಇದೆ ಎಂದು ಅಪ್ಪ ಸಭೆಯಲ್ಲಿ ಹೇಳಿದರು. ಗುರುಗಳು ನಮ್ಮನ್ನು ಒಬ್ಬೊಬ್ಬರನ್ನೇ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ದುಃಖಕ್ಕೆ ಮಾತು ಬರುತ್ತಿಲ್ಲ ಎಂದು ಎಲ್ಲರೂ ಅಂದುಕೊಂಡರು. ನಾನು ಒಪ್ಪಿರಲಿಲ್ಲ. ನೀವು ಒಮ್ಮೆ ನನ್ನ ಕಡೆ ನೋಡಿ ಮುಖ ತಿರುಗಿಸಿದಿರಿ. ನಿಮಗೆ ಗೊತ್ತಾಗಿತ್ತು, ಅಲ್ಲವೇ?